ಮಾರ್ಕೆಟ್ ಯಾರ್ಡಿನ ಮುಂಗುಸಿಗಳು ಮತ್ತು ನಿಯಮ ನಾಲ್ಕು

ಶಿಕ್ಷೆಯಾದದ್ದು ಸುವರ್ಣಾ ವೈನಿಗೆ. ನಿಯಮ ಬರೆದವಳು ನಾನು. ಅದನ್ನು ಜಾರಿಗೆ ತಂದವರು ಇಬ್ಬರು ಗಂಡಸರು. ಅಪರಾಧವೆಂದು ಕರೆಯಲಾದ ಕೆಲಸಕ್ಕೆ ತನ್ನ ಹೆಸರು ಕೊಟ್ಟವನು ಅವರ ಗಂಡನ ಅಣ್ಣನ ಮಗ. ನಮಗೆ ನಾಲ್ವರಿಗೂ ಏನೂ ಆಗಲಿಲ್ಲ. (ಸಾಮಾನ್ಯವಾಗಿ ಹೀಗೆಯೇ ಆಗುತ್ತದೆ, ಗಮನಿಸಿದ್ದೀರಾ?)

ಇದೆಲ್ಲ ನಡೆದದ್ದು ಬೇಸ್‌ಬಾಲ್ ಆಟದಲ್ಲಿ ಎಂದರೆ ನೀವು ನಗಬಹುದು. ಅದೂ ಮೈದಾನದ ಬೇಸ್‌ಬಾಲ್ ಅಲ್ಲ, ಕಂಪ್ಯೂಟರಿನೊಳಗಿನದು ಎಂದರೆ ಪುಟ ಮಗುಚಲೂಬಹುದು. ದಯವಿಟ್ಟು ಮಗುಚಬೇಡಿ. ಒಬ್ಬ ಹೆಣ್ಣುಮಗಳು ಎಂಟು ತಿಂಗಳು ಕಟ್ಟಿದ್ದನ್ನು ನಾಡಿದ್ದು ಭಾನುವಾರ ಬೆಳಿಗ್ಗೆ ಒಂದು ಬಟನ್ ಒತ್ತಿ ಚದುರಿಸಲಿದ್ದಾರೆ.

ಯೆರವಡಾದ ಐಟಿ ಪಾರ್ಕಿನ ನಮ್ಮ ಕಚೇರಿಯಲ್ಲಿ ನಾವು ಎಂಟು ಮಂದಿ ಕನ್ನಡಿಗರಿದ್ದೇವೆ. ಎಂಟು ಮಂದಿಗೂ ಒಂದೊಂದು ತಂಡ. ಎಂಟರಲ್ಲಿ ಒಬ್ಬರೂ ಬೇಸ್‌ಬಾಲ್ ಬ್ಯಾಟನ್ನು ಕೈಯಲ್ಲಿ ಹಿಡಿದಿಲ್ಲ. ಹಿಡಿಯಬೇಕಾಗಿಯೂ ಇಲ್ಲ. ಈ ಆಟದಲ್ಲಿ ನಾವು ಚೆಂಡು ಹೊಡೆಯುವವರಲ್ಲ, ಮ್ಯಾನೇಜರುಗಳು. ಪ್ರತಿಯೊಬ್ಬರ ಬಳಿಯೂ ಇಪ್ಪತ್ತಾರು ಆಟಗಾರರ ಪಟ್ಟಿ. ಅದಕ್ಕೆ ರೋಸ್ಟರ್ ಎಂದು ಹೆಸರು. ಇಂದು ಚೆಂಡು ಎಸೆಯುವ ಪಿಚರ್ ಯಾರು, ವಿಶ್ರಾಂತಿ ಯಾರಿಗೆ, ನಾಲ್ಕನೆಯವನಾಗಿ ಬ್ಯಾಟ್ ಹಿಡಿಯುವವನು ಯಾರು, ಯಾರನ್ನು ಬೇರೆ ತಂಡಕ್ಕೆ ಕೊಟ್ಟು ಯಾರನ್ನು ತರಬೇಕು, ಇಷ್ಟನ್ನು ನಾವು ತೀರ್ಮಾನಿಸುತ್ತೇವೆ. ಮಿಕ್ಕದ್ದನ್ನು ಕಂಪ್ಯೂಟರ್ ಆಡುತ್ತದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಲೀಗಿನ ಕಮಿಷನರ್ ಕಾರ್ತಿಕ್ ಬಟನ್ ಒತ್ತುತ್ತಾನೆ. ಅರ್ಧ ನಿಮಿಷದಲ್ಲಿ ಆಟದೊಳಗಿನ ಇಡೀ ಒಂದು ವಾರ ಕಳೆದುಹೋಗುತ್ತದೆ.

ಆ ಅರ್ಧ ನಿಮಿಷ ನನಗೆ ಬಹಳ ಇಷ್ಟ. ವಿಮಾನ ನಗರದ ನಮ್ಮ ಮನೆಯ ಬಾಲ್ಕನಿಯ ಮೇಲೆ ಒಂದು ವಿಮಾನ ಗಾಲಿ ಚಾಚಿಕೊಂಡು ನಿಧಾನವಾಗಿ ಇಳಿಯುತ್ತಿರುತ್ತದೆ. ಪರದೆಯ ಮೇಲೆ ಬರೀ ಅಂಕಿಗಳು ಸರಿಯುತ್ತಿರುತ್ತವೆ. ನನಗೆ ಕಾಣುವುದು ಅಂಕಿಗಳಲ್ಲ. ಎಲ್ಲಿಯೂ ಇಲ್ಲದ ಊರುಗಳಲ್ಲಿ ಏಳು ಸಂಜೆಗಳು ಒಂದರ ಮೇಲೊಂದು ಇಳಿಯುತ್ತವೆ. ಯಾರೂ ಕತ್ತರಿಸದ ಹುಲ್ಲು ತಾನೇ ಸಮನಾಗುತ್ತದೆ. ಯಾರೋ ಎರಡನೆಯ ಬೇಸ್‌ನತ್ತ ಓಡಿ, ಜಾರಿ, ಮಂಡಿಯ ಮಣ್ಣು ಕೊಡವಿಕೊಳ್ಳುತ್ತಾನೆ. ಈ ಆಟಗಾರರು ಯಾವ ತಾಯಿಗೂ ಹುಟ್ಟಿದವರಲ್ಲ. ಪ್ರೋಗ್ರಾಂ ಅವರಿಗೆ ಹೆಸರು ಕೊಡುತ್ತದೆ, ಊರು ಕೊಡುತ್ತದೆ, ಎಡಗೈಯೋ ಬಲಗೈಯೋ ಎಂದು ತೀರ್ಮಾನಿಸುತ್ತದೆ. ಆಮೇಲೆ ವಯಸ್ಸನ್ನೂ ಕೊಡುತ್ತದೆ. ತಾಯಿಯಿಲ್ಲದೆ ಹುಟ್ಟಿದರೂ ಮಂಡಿನೋವು ತಪ್ಪಿದ್ದಲ್ಲ.

ನನ್ನ ತಂಡದ ಹೆಸರು 'ಸಮಾನತಾ'. ಇಪ್ಪತ್ತಾರು ಮಂದಿಗೂ ಸರದಿಯ ಪ್ರಕಾರ ಸಮಾನ ಅವಕಾಶ, ಇದು ನನ್ನ ತತ್ವ. ಮೂರು ಸೀಸನ್‌ಗಳಲ್ಲಿಯೂ ಕೊನೆಯ ಸ್ಥಾನ.

"ಮೇಡಂ, ನಿಮ್ ಟೀಮಲ್ಲಿ ಸೋಲು ಕೂಡ ಎಲ್ರಿಗೂ ಸಮಪಾಲು," ಎಂದು ಗಿರೀಶ್ ಒಮ್ಮೆ ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ್ದರು. ಹೇಳಲಿ. ನಾನು ತತ್ವ ಬಿಡುವುದಿಲ್ಲ.

ಈ ಗಿರೀಶ್ ಕಚೇರಿಯಲ್ಲಿ ಟೀಮ್ ಲೀಡ್. ಲೀಗಿನಲ್ಲಿ 'ಯೆರವಡಾ ಯೋಧರು' ತಂಡದ ಮ್ಯಾನೇಜರ್. ಮೊದಲ ಸೀಸನ್‌ನಲ್ಲಿ ಅವರು ಒಂದು ಅನ್ಯಾಯ ಮಾಡಿದರು. ತಮ್ಮ ಕೈಕೆಳಗೆ ಹೊಸದಾಗಿ ಸೇರಿದ್ದ ಇಬ್ಬರಿಂದ ರೋಸ್ಟರ್ ಮಾಡಿಸಿದರು. ಆ ಇಬ್ಬರು ಊಟದ ಹೊತ್ತಿನಲ್ಲಿ ಡಬ್ಬಿಯ ಮುಚ್ಚಳವನ್ನೂ ತೆರೆಯದೆ ಗಿರೀಶರ ಪಿಚರ್‌ಗಳ ಕೋಷ್ಟಕ ತಯಾರಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಮೇಲಧಿಕಾರಿ ಕೇಳಿದಾಗ ಇಲ್ಲವೆನ್ನಲು ಯಾರಿಗೆ ಧೈರ್ಯವಿರುತ್ತದೆ? ಅದು ಬಿಟ್ಟಿ ದುಡಿಮೆ. ಲೀಗಿನ ಮೀಟಿಂಗಿನಲ್ಲಿ ಅದನ್ನು ಅದೇ ಹೆಸರಿನಿಂದ ಕರೆದೆ. ಮೂವರ ನಿಯಮ ಸಮಿತಿಯಾಯಿತು: ಕಾರ್ತಿಕ್, ಗಿರೀಶ್ ಮತ್ತು ನಾನು. ನಿಯಮ ನಾಲ್ಕನ್ನು ಪದಪದವಾಗಿ ಬರೆದವಳು ನಾನೇ.

'ತಂಡದ ಮ್ಯಾನೇಜರ್ ಕಚೇರಿಯ ಇಮೇಲ್‌ನಿಂದ ನೋಂದಾಯಿಸಿಕೊಂಡವರೇ ಆಗಿರತಕ್ಕದ್ದು. ಅನ್ಯರಿಂದ ರೋಸ್ಟರ್ ಮಾಡಿಸಿದ್ದು ಕಂಡುಬಂದಲ್ಲಿ ತಂಡವನ್ನು ವಿಸರ್ಜಿಸಿ ಆಟಗಾರರನ್ನು ಪೂಲ್‌ಗೆ ಬಿಡತಕ್ಕದ್ದು.'

(ಆ 'ತಕ್ಕದ್ದು' ಎಂಬ ಪದ ಬರೆಯುವಾಗ ಬೆರಳಿಗೆ ಒಂದು ಸುಖವಿದೆ. ನಿಯಮ ಬರೆಯುವವರೆಲ್ಲರೂ ಆ ಸುಖಕ್ಕೆ ಹೆದರಬೇಕು.)

ಪೂಲ್ ಎಂದರೆ ಯಾವ ತಂಡಕ್ಕೂ ಸೇರದವರು ಕಾಯುವ ಜಾಗ. ಅಲ್ಲಿಂದ ಯಾರು ಬೇಕಾದರೂ ಯಾರನ್ನು ಬೇಕಾದರೂ ಎತ್ತಿಕೊಳ್ಳಬಹುದು.

ಈ ಸಲದ ಸೀಸನ್ ಗೆದ್ದದ್ದು 'ಮಾರ್ಕೆಟ್ ಯಾರ್ಡ್ ಮುಂಗುಸಿ'. ಅದರ ಮ್ಯಾನೇಜರ್ ವಿನಾಯಕ, ವಿಜಯಪುರದ ಕಡೆಯ ಹುಡುಗ, ನಮ್ಮಲ್ಲಿ ಟೆಸ್ಟಿಂಗ್ ಕೆಲಸ. ಇವನು ಇರುವುದು ಕಾಕಾನ, ಅಂದರೆ ಚಿಕ್ಕಪ್ಪನ, ಮನೆಯಲ್ಲಿ. ಕಾಕಾನಿಗೆ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿಯ (ನಮ್ಮ ಈರುಳ್ಳಿಯ) ಸಗಟು ಮಳಿಗೆ. ಲೀಗಿನ ಚಾಟ್ ಗ್ರೂಪಿನಲ್ಲಿ ಹೆಬ್ಬೆರಳಿನ ಚಿತ್ರ ಕಳಿಸುವುದನ್ನು ಬಿಟ್ಟರೆ ವಿನಾಯಕ ಏನೂ ಮಾತಾಡುವವನಲ್ಲ. ಫೈನಲ್ಲಿನ ಕೊನೆಯ ಪಂದ್ಯ ಗಿರೀಶರ ಯೋಧರ ವಿರುದ್ಧ. ಮುಂಗುಸಿಗಳ ಬಳಿ ಲೀಗಿಗೇ ಅತ್ಯಂತ ವೇಗದ ಪಿಚರ್ ಒಬ್ಬನಿದ್ದ. ಆದರೆ ಅವನು ಎರಡು ದಿನದ ಹಿಂದಷ್ಟೇ ಆಡಿದ್ದ. ಫೈನಲ್ ಅಲ್ಲವೇ, ಯಾರಾದರೂ ಅವನನ್ನೇ ಇಳಿಸುತ್ತಿದ್ದರು. ನಾನೂ ಇಳಿಸುತ್ತಿದ್ದೆ, ನಿಜ ಹೇಳಬೇಕೆಂದರೆ. ಮುಂಗುಸಿಗಳು ಅವನನ್ನು ಕೂರಿಸಿ, ಮೂವತ್ತೆಂಟು ವರ್ಷದ, ಚೆಂಡನ್ನು ತೇಲಿಬಿಡುವಂತೆ ಎಸೆಯುವ ಒಬ್ಬನನ್ನು ಇಳಿಸಿದರು. ಯೋಧರು ಅವಸರದಲ್ಲಿ ಬ್ಯಾಟ್ ಬೀಸಿ ಬೀಸಿ ಸೋತರು.

"ಲಕ್ಕು ಗುರೂ," ಎಂದು ಗಿರೀಶ್ ಗ್ರೂಪಿನಲ್ಲಿ ಬರೆದರು. ವಿನಾಯಕ ಹೆಬ್ಬೆರಳು ಕಳಿಸಿದ.

ಮುಂದಿನ ಶನಿವಾರ ನಾನು ವಿನಾಯಕನ ಮನೆಗೆ ಹೋದೆ. ಅವನ ತಂಡದ ಒಬ್ಬ ಶಾರ್ಟ್‌ಸ್ಟಾಪ್ ಮೇಲೆ ನನಗೆ ಕಣ್ಣಿತ್ತು. ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಂತು ನುಗ್ಗಿ ಬರುವ ಚೆಂಡನ್ನೆಲ್ಲ ತಡೆಯುವ ಕೆಲಸ ಅವನದು. ಅವನನ್ನು ಕೊಟ್ಟು ನನ್ನವರಿಬ್ಬರನ್ನು ತೆಗೆದುಕೋ ಎಂದು ಕೇಳುವುದಿತ್ತು. ಅಂದು ಬಜಾರಿಗೆ ರಜೆ. ಖಾಲಿ ರಸ್ತೆಯಲ್ಲಿ ಉಳ್ಳಾಗಡ್ಡಿಯ ಸಿಪ್ಪೆಗಳು ಗಾಳಿಗೆ ಎದ್ದು, ಗುಲಾಬಿ ಬಣ್ಣದ ಪುಟ್ಟ ಹಕ್ಕಿಗಳಂತೆ ಸ್ವಲ್ಪ ದೂರ ಹಾರಿ, ಮತ್ತೆ ಕೂರುತ್ತಿದ್ದವು.

ನನ್ನ ಬೇಡಿಕೆ ಕೇಳಿ ವಿನಾಯಕ ಎದ್ದು ನಿಂತ. "ಒಂದ್ ನಿಮಿಷ್ರಿ. ಕೇಳಿ ಹೇಳ್ತೀನಿ."

"ಯಾರನ್ನು ಕೇಳ್ತೀಯಾ?"

ಅವನು ಅಡುಗೆಮನೆಯ ಬಾಗಿಲ ಕಡೆ ನೋಡಿದ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಕೊಡೂದಿಲ್ಲ ಅಂತ ಹೇಳೋ," ಎಂದಿತು ಒಳಗಿನ ದನಿ. "ಅವರ ಕಡೆ ಹೋದ್ರ ಅವನಿಗೆ ವಾರದಾಗ ಎರಡ ದಿನ ಆಟ. ಉಳಿದದ್ದೆಲ್ಲಾ ಸಮಾನತಾ!"

ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಸುವರ್ಣಾ ವೈನಿ ಹೊರಬಂದರು. ಐವತ್ತರ ಆಸುಪಾಸು. ವಿನಾಯಕನಿಗೆ ಕಾಕು, ಅಂದರೆ ಚಿಕ್ಕಮ್ಮ; ನಮಗೆಲ್ಲ ವೈನಿ, ಅತ್ತಿಗೆ.

"ಸಿಟ್ಟಿಗೇಳಬ್ಯಾಡ್ರಿ ಮತ್ತ. ಖರೇ ಹೇಳಿದೆ. ಕೂಡ್ರಿ, ಚಾ ಮಾಡ್ತೀನಿ."

ವಿಷಯ ಹೀಗಿತ್ತು. ವಿನಾಯಕ ಲೀಗಿಗೆ ಸೇರಿದ್ದೇನೋ ಸ್ವಂತ ಆಸೆಯಿಂದ. ಎರಡು ವಾರಕ್ಕೇ ಬೇಸರವಾಯಿತು. ಒಂದು ದಿನ ಅವನಿಗೆ ಚಹ ಕೊಡಲು ಬಂದ ವೈನಿ ಪರದೆ ನೋಡಿ, "ಇವನ್ಯಾರೋ, ದಿನಾ ಇವನ ಕೈಲೇ ಚೆಂಡ ಒಗಸ್ತೀಯಲ್ಲ? ಭುಜ ಏನಾಗಬೇಕೋ ಅವಂದು?" ಎಂದು ಕೇಳಿದರಂತೆ. ಆ ವಾರ ಅವರು ಹೇಳಿದಂತೆ ಮಾಡಿದ. ಗೆದ್ದ. ಮರುವಾರ ಲ್ಯಾಪ್‌ಟಾಪನ್ನೇ ಅವರ ಕಡೆ ತಿರುಗಿಸಿದ. ಅಲ್ಲಿಂದ ಎಂಟು ತಿಂಗಳು ಮುಂಗುಸಿಗಳನ್ನು ಕಟ್ಟಿದ್ದು, ಸಾಕಿದ್ದು, ಗೆಲ್ಲಿಸಿದ್ದು ವೈನಿ.

ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಒಂದು ಗಂಟೆ. ಕಿಟಕಿಯ ಪಕ್ಕದ ಕ್ಯಾಲೆಂಡರಿನ ಚೌಕಗಳಲ್ಲಿ ಯಾವ ಪಿಚರ್ ಯಾವ ದಿನ ಮಲಗಬೇಕೆಂದು ಗುರುತು. ಆ ಇಂಗ್ಲಿಷ್ ಹೆಸರುಗಳು ನಾಲಿಗೆಗೆ ಒಗ್ಗದ್ದರಿಂದ ಎಲ್ಲರಿಗೂ ಅವರು ಬೇರೆ ಹೆಸರಿಟ್ಟಿದ್ದರು. ಫೈನಲ್ ಗೆಲ್ಲಿಸಿದ ಆ ಮೂವತ್ತೆಂಟರವನು ಹಣಮಂತ. ಕ್ಯಾಚರ್, ಅಂದರೆ ಬ್ಯಾಟಿನವನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವನು, ದಳವಾಯಿ. ನನಗೆ ಕೊಡಲೊಲ್ಲದ ಶಾರ್ಟ್‌ಸ್ಟಾಪ್ ಬಾಳಪ್ಪ.

"ಈ ಬಾಳಪ್ಪಂಗ ಊರ ಬಿಟ್ಟ ಹೋದಾಗ ನಿದ್ದಿ ಬರೂದಿಲ್ರಿ," ಎಂದರು ವೈನಿ. ಪರದೆ ನೋಡುತ್ತಿರಲಿಲ್ಲ, ಕಿಟಕಿಯಾಚೆ ಎಲ್ಲೋ ನೋಡುತ್ತಿದ್ದರು.

"ಅದು ಗೇಮಲ್ಲಿ ಎಲ್ಲಿ ಬರುತ್ತೆ ವೈನಿ?"

"ಬರೂದಿಲ್ಲ. ಆದ್ರ ಹೊರಗಿನ ಮ್ಯಾಚ್‌ದಾಗ ಮೊದಲನೇ ದಿನ ಅಂವ ಚೆಂಡ ಬಿಡ್ತಾನ. ಎರಡನೇ ದಿನ ಛಲೋ ಆಡ್ತಾನ. ನಿದ್ದಿ ಇಲ್ದ ಮತ್ತೇನ?"

ನಾನು ಆಮೇಲೆ ಲೆಕ್ಕ ತೆಗೆದು ನೋಡಿದೆ. ಅವರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ನಾವು ಏಳು ಮಂದಿ ನೋಡುತ್ತಿದ್ದುದು ಹೆಸರಿನ ಮುಂದಿನ ದೊಡ್ಡ ಅಂಕಿಯನ್ನು, ರೇಟಿಂಗನ್ನು ಮಾತ್ರ.

"ಆ ರೇಟಿಂಗ್ ಅಂದ್ರ ಚೀಲದ ಬಾಯ್ರಿ," ಎಂದು ನಕ್ಕರು ವೈನಿ. "ಬಾಯಾಗ ಎಲ್ಲಾರೂ ಛಲೋ ಉಳ್ಳಾಗಡ್ಡೀನ ಇಡ್ತಾರ. ತಳಕ್ಕ ಕೈ ಹಾಕಿ ನೋಡಬೇಕು."

ಈ ತಳಕ್ಕೆ ಕೈ ಹಾಕುವ ವಿದ್ಯೆ ಅವರಿಗೆ ಬಂದದ್ದು ಮಳಿಗೆಯಲ್ಲಿಯೇ. ಕೆಲವು ವರ್ಷಗಳ ಹಿಂದೆ ಅವರ ಯಜಮಾನರ ಕಾಲು ಮುರಿದಾಗ ಐದು ತಿಂಗಳು ವೈನಿ ಮಳಿಗೆಯಲ್ಲಿ ಕೂತಿದ್ದರು. ಬೆಳಗಿನ ಜಾವ ಬಂದ ಚೀಲಗಳಿಗೆ ಮೊಳಕೈವರೆಗೆ ಕೈ ತೂರಿಸಿ ಮಾಲು ಆರಿಸುತ್ತಿದ್ದರು. ಯಾವ ಹಮಾಲನಿಗೆ ಸೊಂಟ ನೋಯುತ್ತಿದೆ, ಯಾರನ್ನು ಯಾರ ಜೋಡಿ ಹಾಕಿದರೆ ಜಗಳವಾಗುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು.

"ಆಮೇಲೆ?"

"ಆಮ್ಯಾಲೇನ್ರಿ. ಅವರ ಕಾಲ ಕೂಡ್ತು. ನಾ ಮನಿಗೆ ಬಂದೆ."

ಎಷ್ಟು ಚಿಕ್ಕ ವಾಕ್ಯ! ನಮ್ಮ ಐಟಿ ಕಂಪನಿಗಳಲ್ಲಿ ಪ್ರಾಜೆಕ್ಟ್ ಮುಗಿದವರನ್ನು ಬೆಂಚಿನಲ್ಲಿ ಕೂರಿಸುತ್ತಾರೆ. ಅದನ್ನು ನಾನು ಇದೇ ಅಂಕಣದಲ್ಲಿ ಖಂಡಿಸಿದ್ದೇನೆ. ಆದರೆ ಅಲ್ಲಿ ಬೆಂಚಾದರೂ ಇದೆ. ಕೆಲಸ ಬಲ್ಲ ಹೆಂಗಸನ್ನು ಮನೆಯವರೇ ರೋಸ್ಟರಿನಿಂದ ತೆಗೆದದ್ದಕ್ಕೆ ಹೆಸರೂ ಇಲ್ಲ, ಪತ್ರವೂ ಇಲ್ಲ, ಬೀಳ್ಕೊಡುಗೆಯ ಕೇಕೂ ಇಲ್ಲ.

ಮನೆಗೆ ಮರಳುವಾಗ ಆಟೊ ಬಂಡ್ ಗಾರ್ಡನ್ ಸೇತುವೆಯ ಮೇಲೆ ನಿಂತಿತು. ಕೆಳಗೆ ನದಿ ಚಲಿಸುತ್ತಿದೆಯೋ ಇಲ್ಲವೋ ತಿಳಿಯದಂತಿತ್ತು. ನೀರಿನ ಮೇಲೆ ನನಗೊಂದು ಹಸಿರು ಮೈದಾನ ಕಂಡಿತು. ಹಣಮಂತ ನಿಧಾನವಾಗಿ ತೋಳು ತಿರುಗಿಸುತ್ತಿದ್ದ. ದಳವಾಯಿ ಕೂತಲ್ಲಿಂದಲೇ ಏನೋ ಹೇಳಿ ನಗಿಸುತ್ತಿದ್ದ. ಗಡಿಯಾಚೆಯ ಮರದ ಕುರ್ಚಿಯಲ್ಲಿ ಹಿಟ್ಟಿನ ಕೈಯ ಹೆಂಗಸೊಬ್ಬಳು ಕೂತಿದ್ದಳು. ಇಪ್ಪತ್ತಾರು ಮಂದಿಯೂ ಚೆಂಡು ಎಸೆಯುವ ಮುನ್ನ ಒಮ್ಮೆ ಅವಳ ಕಡೆ ತಿರುಗುತ್ತಿದ್ದರು. ಸಿಗ್ನಲ್ ಬಿಟ್ಟರೂ ಆ ಮೈದಾನ ಬಹಳ ಹೊತ್ತು ನನ್ನ ಜೊತೆ ಬಂತು.

ಆ ಗುಂಗಿನಲ್ಲಿಯೇ ನಾನು ತಪ್ಪು ಮಾಡಿದೆ.

ಮನೆ ಮುಟ್ಟಿದವಳೇ ಗ್ರೂಪಿನಲ್ಲಿ ಬರೆದೆ: 'ಗೆದ್ದವರು ವಿನಾಯಕ ಅಲ್ಲ. ಎಂಟು ತಿಂಗಳ ದುಡಿಮೆ ಸುವರ್ಣಾ ವೈನಿಯವರದು. ದುಡಿದವರ ಹೆಸರು ಮರೆಮಾಚುವುದು ಅನ್ಯಾಯ. ಚಾಂಪಿಯನ್ನರಿಗೆ ಅಭಿನಂದನೆಗಳು!' ಕೊನೆಗೆ ಮೂರು ಹೂಗುಚ್ಛ. ಇಷ್ಟು ವರ್ಷ ಇಂಥವನ್ನು ಬಯಲಿಗೆಳೆಯುತ್ತ ಬಂದವಳಿಗೆ ಇದೂ ಒಂದು ನ್ಯಾಯದ ಕೆಲಸ ಎನ್ನಿಸಿತ್ತು.

ಸೋಮವಾರ ಕಾರ್ತಿಕ್ ಸಮಿತಿಯ ಕಾಲ್ ಕರೆದ.

"ಅಕ್ಕ, ಬೇಜಾರ್ ಮಾಡ್ಕೋಬೇಡಿ. ರೂಲ್ ಫೋರ್ ಕ್ಲಿಯರ್ ಆಗಿದೆ. ನೀವೇ ಬರ್ದಿರೋದು."

"ಅದನ್ನ ಬರೆದದ್ದು ದುಡಿಯೋರನ್ನ ಕಾಪಾಡೋದಕ್ಕೆ ಕಾರ್ತಿಕ್. ಇಲ್ಲಿ ಶಿಕ್ಷೆ ಆಗ್ತಿರೋದೇ ದುಡಿದವರಿಗೆ."

"ಹಾಗಂತ ರೂಲಲ್ಲಿ ಎಲ್ಲಿದೆ? ತೋರ್ಸಿ ಮೇಡಂ," ಎಂದರು ಗಿರೀಶ್. ಅವರ ದನಿಯಲ್ಲಿ ಫೈನಲ್ ಇನ್ನೂ ಮುಗಿದಿರಲಿಲ್ಲ. "ನನ್ ಹುಡುಗ್ರು ಮಾಡ್ದಾಗ ಬಿಟ್ಟಿ ದುಡಿಮೆ. ಅವ್ನ ಚಿಕ್ಕಮ್ಮ ಮಾಡಿದ್ರೆ ಪ್ರತಿಭೆನಾ?"

"ನಿಮ್ಮ ಹುಡುಗರು ಬೇಡ ಅನ್ನೋಕೆ ಆಗ್ತಿರಲಿಲ್ಲ ಗಿರೀಶ್. ವೈನಿ ತಾವಾಗಿ ಆಡಿದ್ದು."

"ಹಾಗಿದ್ರೆ ಅವ್ರೇ ರಿಜಿಸ್ಟರ್ ಮಾಡ್ಬೇಕಿತ್ತಪ್ಪ."

ಯಾವ ಕಚೇರಿಯ ಇಮೇಲ್‌ನಿಂದ? ಕೇಳಿದೆ. ಕಾರ್ತಿಕ್ ವಿಷಯವನ್ನು ಮತಕ್ಕೆ ಹಾಕಿದ. ಇಬ್ಬರು ಆ ಕಡೆ, ಒಬ್ಬಳು ಈ ಕಡೆ. ತೀರ್ಪು: ಮುಂಗುಸಿ ತಂಡ ಈ ಭಾನುವಾರ ವಿಸರ್ಜನೆ. ಗೆಲುವು ರದ್ದು. ವಿನಾಯಕನಿಗೆ ಎಚ್ಚರಿಕೆ ಕೊಟ್ಟು, ಹೊಸ ತಂಡ ಕಟ್ಟಲು ಅವಕಾಶ.

ಓದುಗರೇ, ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಹೆಸರು ಕೊಟ್ಟವನಿಗೆ ಹೊಸ ತಂಡ. ಕೆಲಸ ಮಾಡಿದವರಿಗೆ ಏನು? ತೀರ್ಪಿನಲ್ಲಿ ಅವರ ಹೆಸರೇ ಇಲ್ಲ! ನಮ್ಮ ಸುತ್ತ ಎಷ್ಟೋ ತೀರ್ಪುಗಳು ಹೀಗೆಯೇ ಇವೆ. ದಾಖಲೆಯಲ್ಲಿಲ್ಲದವರು ಶಿಕ್ಷೆಯ ಹೊತ್ತಿಗೆ ಮಾತ್ರ ಸಿಕ್ಕುತ್ತಾರೆ.

ಬುಧವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ವೈನಿಯ ಮನೆಗೆ ಹೋದೆ. ಮಾತು ಎಲ್ಲಿಂದ ಆರಂಭಿಸಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ವಾಕ್ಯಗಳು ಹೊಸಿಲಲ್ಲಿಯೇ ಉದುರಿಹೋದವು. ವೈನಿ ಕ್ಯಾಲೆಂಡರಿನ ಮುಂದೆ ನಿಂತಿದ್ದರು. ಭಾನುವಾರದಿಂದಾಚೆಯ ಚೌಕಗಳು ಖಾಲಿಯಿದ್ದವು.

"ಆ ಪೂಲ್ ಅಂತೀರಲ್ರಿ," ಎಂದರು, ನನ್ನ ಕಡೆ ತಿರುಗದೆ. "ಅಲ್ಲಿ ಇದ್ದಾಗ ಅವರಿಗೆ ಪ್ರ್ಯಾಕ್ಟೀಸ್ ಇರ್ತದೇನು?"

ನನಗೆ ಗೊತ್ತಿರಲಿಲ್ಲ. ಮೂರು ಸೀಸನ್ ಆಡಿದ್ದೆ. ಪೂಲ್‌ನಲ್ಲಿರುವವರು ದಿನವಿಡೀ ಏನು ಮಾಡುತ್ತಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಯೋಚಿಸಿದೆ. ಮಂಜು ಕವಿದ ಒಂದು ಪ್ಲಾಟ್‌ಫಾರ್ಮಿನಲ್ಲಿ ಚೀಲ ಹೆಗಲಿಗೆ ಹಾಕಿಕೊಂಡ ಗಂಡಸರು ಸಾಲಾಗಿ ಕೂತಿದ್ದರು. ಯಾವ ಗಾಡಿಯೂ ಬರುತ್ತಿರಲಿಲ್ಲ.

"ಹಣಮಂತನ್ನ ಯಾರೂ ತಗೋಳೂದಿಲ್ಲ," ಎಂದರು ವೈನಿ. "ಮೂವತ್ತೆಂಟು. ರೇಟಿಂಗ್ ನೋಡಿ ಬಿಟ್ಟಬಿಡ್ತಾರ."

"ತಪ್ಪು ನನ್ನದು ವೈನಿ. ನಾನು ಒಳ್ಳೇದಕ್ಕೇ ಬರೆದೆ..."

"ನನಗೂ ಗೊತ್ತದ. ಒಳ್ಳೇದಕ್ಕ ಬರದ್ರಿ." ಈಗ ತಿರುಗಿ ನೋಡಿದರು. "ಆದ್ರ ಹೆಸರು ನಂದಲ್ರಿ? ಹೇಳೂಕಿಂತ ಮೊದಲ ನನ್ನ ಒಂದ್ ಮಾತು ಕೇಳಬೇಕಿತ್ತೋ ಇಲ್ಲೋ?"

ಅನ್ಯಾಯಗಳನ್ನು ಹೆಸರಿಟ್ಟು ಕರೆಯುವುದೇ ನನ್ನ ಕೆಲಸ ಎಂದುಕೊಂಡಿದ್ದೇನೆ. ಇದನ್ನೂ ಕರೆಯುತ್ತೇನೆ. ಯಾರ ಪರವಾಗಿ ದನಿಯೆತ್ತುತ್ತೇವೋ ಅವರನ್ನೇ ಕೇಳದಿರುವುದು ಅನ್ಯಾಯ. ನಮ್ಮಂಥ ಓದಿದ ಹೋರಾಟಗಾರರ ಅತ್ಯಂತ ಪ್ರೀತಿಯ ಅನ್ಯಾಯ. ಅವರಿಗೆ ಅನುಕೂಲವಾಗಿದ್ದ ಮರೆಯೊಂದನ್ನು ನನ್ನ ಸತ್ಯದ ಖುಷಿಗಾಗಿ ನಾನು ಕಿತ್ತುಹಾಕಿದೆ.

ವೈನಿ ಚಹ ತಂದಿಟ್ಟು ಎದುರಿಗೆ ಕೂತರು. ನಡುವೆ ನಗುವೂ ಬಂತು. ಸುದ್ದಿ ಯಾರ್ಡಿಗೂ ಮುಟ್ಟಿದೆಯಂತೆ. ಪಕ್ಕದ ಮಳಿಗೆಯವರು ಅವರ ಯಜಮಾನರನ್ನು, "ಏನ್ರಿ ಸಾವಕಾರ, ನಿಮ್ಮ ಮನಿಯಾಕಿ ಅಮೇರಿಕಾದ ಟೀಮ್ ನಡಸ್ತಾರಂತ? ನಮ್ಮ ಹಮಾಲರ ಟೋಳಿಗೂ ಒಂದ್ ಚೂರು ಹೇಳಿಕೊಡಾಕ ಕಳಸ್ರಿ," ಎಂದು ಕಾಡಿದರಂತೆ. ಯಜಮಾನರು ಮನೆಗೆ ಬಂದು ಕೈಕಾಲು ತೊಳೆದರಂತೆ. ಊಟಕ್ಕೆ ಕೂತಾಗ, "ಫೈನಲ್‌ದಾಗ ಆ ಮುದುಕನ್ನ ಯಾಕ ಇಳಿಸಿದಿ?" ಎಂದು ಕೇಳಿದರಂತೆ.

"ಇಪ್ಪತ್ತೆಂಟು ವರ್ಷದಾಗ ಅವರು ನನ್ನ 'ಯಾಕ' ಅಂತ ಕೇಳಿದ್ದು ಅದ ಮೊದಲನೇ ಸಲಾ ನೋಡ್ರಿ," ಎಂದರು ವೈನಿ. ಲೋಟವನ್ನು ಕೆಳಗಿಟ್ಟರು. "ಈ ಮನ್ಯಾಗ ಯಾರು ಎಲ್ಲಿ ನಿಲ್ಲಬೇಕು ಅನ್ನೂದು ನಾ ಬರೂಕಿಂತ ಮೊದಲ ಠರಾವ್ ಆಗಿತ್ತು. ಅಲ್ಲಿ ಇಪ್ಪತ್ತಾರು ಮಂದಿಗೆ ನಾಳೆ ನೀ ಇಲ್ಲಿ ನಿಲ್ಲು, ನೀ ಇವತ್ತ ಮಲಗು ಅಂತ ಹೇಳಾಕಿ ನಾ ಒಬ್ಬಾಕಿ ಇದ್ದೆ."

ಕಿಟಕಿಯಿಂದ ಬಿಸಿಲು ಕ್ಯಾಲೆಂಡರಿನ ಮೇಲೆ ಸರಿಯುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಬಾಳಪ್ಪ ಬೇರೆ ಊರಿನಲ್ಲಿ ನಿದ್ದೆಯಿಲ್ಲದೆ ಹೊರಳುತ್ತಿದ್ದಾನೆಂದೂ ದಳವಾಯಿ ಎದ್ದು ಅವನಿಗೆ ನೀರು ಕೊಡುತ್ತಿದ್ದಾನೆಂದೂ ನನಗೆ ಅನ್ನಿಸಿತು. ವೈನಿಗೆ ಏನು ಕಾಣುತ್ತಿತ್ತೋ ಕೇಳಲಿಲ್ಲ.

ಆದರೆ ಕೇಳಲೇಬೇಕಾದ ಒಂದು ಮಾತನ್ನು ಈ ಸಲ ಕೇಳಿದೆ. "ವೈನಿ, ಇದನ್ನ ನನ್ನ ಅಂಕಣದಲ್ಲಿ ಬರೀಲಾ? ನಿಮ್ಮ ಹೆಸರು ಹಾಕಿ?"

ಅವರು ಎದ್ದರು. ಲೋಟಗಳನ್ನು ಒಳಗಿಟ್ಟು ಬಂದರು.

"ಹೆಸರು ಹೊರಗ ಬಿತ್ತು. ಇನ್ನ ಒಳಗ ಹೋಗೂದಿಲ್ಲ. ಬರೀರಿ. ಏನ್ ಕೇಳಾವ್ರ ನೀವು, ಆ ಸಮಿತಿಯವರ ಹತ್ರ?"

ನಾನು ಬ್ಯಾಗಿನಿಂದ ಹಾಳೆ ತೆಗೆದು ನನ್ನ ಬೇಡಿಕೆಗಳನ್ನು ಓದಿದೆ. ಏಳಿದ್ದವು. ಗೆಲುವನ್ನು ಮರಳಿಸಬೇಕು, ಸಮಿತಿಯನ್ನು ಪುನಾರಚಿಸಬೇಕು, ಗಿರೀಶ್ ಕ್ಷಮೆ ಕೇಳಬೇಕು, ಹೀಗೆ. ಐದನೆಯದಕ್ಕೆ ಬರುವಷ್ಟರಲ್ಲಿ ವೈನಿ ಕೈಯೆತ್ತಿದರು.

"ಭಾಳಾತ್ರಿ. ಏಳು ಕೇಳಿದ್ರ ಒಂದೂ ಕೊಡೂದಿಲ್ಲ. ಗೆದ್ದದ್ದು ಬಿಡ್ರಿ, ಮತ್ತ ಗೆದ್ದೇನು. ಒಂದ ಕೇಳ್ರಿ."

ಆ ಒಂದನ್ನು ಅವರು ಹೇಳಿದರು. ನಾನು ಬರೆದುಕೊಂಡೆ. ಮತ್ತೊಮ್ಮೆ ಓದಿ ಹೇಳಿ, ಒಪ್ಪಿಗೆ ಪಡೆದು, ಹಾಳೆ ಮಡಿಸಿದೆ. ಈ ಅಂಕಣ ಶುಕ್ರವಾರ ನಿಮ್ಮ ಕೈ ಸೇರುತ್ತದೆ. ನಿಯಮ ಸಮಿತಿಯ ನನ್ನ ಕುರ್ಚಿಯನ್ನು ನಿನ್ನೆಯೇ ಬಿಟ್ಟುಕೊಟ್ಟಿದ್ದೇನೆ. ಆದ್ದರಿಂದ ಈಗ ಕೇಳುತ್ತಿರುವವಳು ಸಮಿತಿಯ ಸದಸ್ಯೆಯಲ್ಲ, ಲೀಗಿನ ಕೊನೆಯ ಸ್ಥಾನದ ಒಬ್ಬ ಮ್ಯಾನೇಜರ್ ಮಾತ್ರ.

ಕಾರ್ತಿಕ್, ಗಿರೀಶ್: ಭಾನುವಾರ ಬೆಳಿಗ್ಗೆ ಹತ್ತರೊಳಗೆ ಸುವರ್ಣಾ ವೈನಿಗೆ ಅವರದೇ ಹೆಸರಿನಲ್ಲಿ ಒಂದು ಲಾಗಿನ್ ಮಾಡಿಕೊಡಿ, ಮತ್ತು ಅದರೊಳಗೆ ಅವರ ಇಪ್ಪತ್ತಾರು ಮಂದಿಯೂ ಇರಲಿ, ಹಣಮಂತನನ್ನೂ ಸೇರಿಸಿ.